ಟೇಪು ಓಡುತ್ತಲೇ ಇತ್ತು

(ನಮ್ಮೂರಿನ ರಂಗಾಸಕ್ತರ ತಿಂಗಳ ಕೂಟದಲ್ಲಿ ಆಡಿದ ಮಾತುಗಳನ್ನು ಸ್ವಲ್ಪ ಒಪ್ಪ ಮಾಡಿ ಇಲ್ಲಿ ಕೊಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪರದೆ ಮೇಲಿನ ಫೋಟೋ ಹಿಂದಿನ ಸಾಲಿನವರಿಗೂ ಕಾಣಿಸುತ್ತಿದೆ ಅಲ್ವಾ? ಕಪ್ಪುಬಿಳುಪಿನ ಚಿತ್ರ, ಅಮೆರಿಕದ ನಾಲ್ವರು ಹಾಡುಗಾರರದು. ಪಿಯಾನೋ ಮುಂದೆ ಕೂತವನು ಎಲ್ವಿಸ್ ಪ್ರೀಸ್ಲಿ. ಅವನ ಸುತ್ತ ನಿಂತವರು ಜೆರ್ರಿ ಲೀ ಲೂಯಿಸ್, ಗಿಟಾರ್ ಹಿಡಿದ ಕಾರ್ಲ್ ಪರ್ಕಿನ್ಸ್, ಆ ತುದಿಯಲ್ಲಿ ಜಾನಿ ಕ್ಯಾಶ್. ಇಂಥ ದೊಡ್ಡವರನ್ನು ಅವನು, ಇವನು ಅಂತೀನಲ್ಲ ಎಂದು ಬೇಸರ ಬೇಡ. ಈ ಫೋಟೋ ತೆಗೆದ ದಿನ ಎಲ್ವಿಸ್ ಮತ್ತು ಜೆರ್ರಿ ಲೀಗೆ 21 ವರ್ಷ. ಇನ್ನಿಬ್ಬರಿಗೆ 24. ನಮ್ಮ ಮನೆ ಹುಡುಗರ ವಯಸ್ಸು.

ಈ ಫೋಟೋದ ಪೂರ್ತಿ ಪ್ರತಿಯಲ್ಲಿ ಪಿಯಾನೋ ಮೇಲೆ ಒಬ್ಬ ಹುಡುಗಿಯೂ ಕೂತಿದ್ದಾಳೆ. ಎಲ್ವಿಸ್ ಜೊತೆ ಬಂದಿದ್ದ ಗೆಳತಿ, ಲಾಸ್ ವೇಗಾಸ್‌ನ ನೃತ್ಯಗಾತಿ. ಎಷ್ಟೋ ಕಡೆ ಅಚ್ಚು ಹಾಕುವಾಗ ಅವಳಿದ್ದ ಭಾಗವನ್ನೇ ಕತ್ತರಿಸಿಬಿಟ್ಟರು. ಇದನ್ನು ನೆನಪಿಟ್ಟುಕೊಳ್ಳಿ. ಈ ಫೋಟೋ ತೆಗೆದ ದಿನವನ್ನೇ ಕಥೆ ಮಾಡಿಕೊಂಡ ಒಂದು ನಾಟಕದ ಬಗ್ಗೆ ಮಾತಾಡ್ತೀನಿ. ಇವತ್ತಿನ ನನ್ನ ಮಾತೆಲ್ಲ ಯಾವುದನ್ನು ಉಳಿಸಿಕೊಂಡರು, ಯಾವುದನ್ನು ಕತ್ತರಿಸಿದರು ಅನ್ನೋದರ ಸುತ್ತಲೇ ಇದೆ.

ಆ ದಿನ 1956ರ ಡಿಸೆಂಬರ್ 4, ಮಂಗಳವಾರ. ಊರು ಅಮೆರಿಕದ ಟೆನೆಸಿ ರಾಜ್ಯದ ಮೆಂಫಿಸ್. ಜಾಗ ಯೂನಿಯನ್ ಅವೆನ್ಯೂದ 706ನೇ ನಂಬರಿನ ಸನ್ ಸ್ಟುಡಿಯೋ. ಸ್ಟುಡಿಯೋ ಅಂದ ಕೂಡಲೇ ದೊಡ್ಡದೇನನ್ನೋ ಊಹಿಸಿಕೊಳ್ಳಬೇಡಿ. ರಸ್ತೆ ಬದಿಯ ಚಿಕ್ಕ ಮಳಿಗೆ ಅಷ್ಟೆ. ಅವತ್ತು ರೆಕಾರ್ಡಿಂಗ್ ಇದ್ದದ್ದು ಕಾರ್ಲ್ ಪರ್ಕಿನ್ಸ್‌ದು. ಜೆರ್ರಿ ಲೀ ಹೊಸಬ. ಅವನ ಮೊದಲ ರೆಕಾರ್ಡು ಹೊರಬಂದು ಇನ್ನೂ ಮೂರು ದಿನ ಆಗಿತ್ತು. ಅವತ್ತು ಅವನ ಕೆಲಸ ಪರ್ಕಿನ್ಸ್ ಹಾಡಿಗೆ ಪಿಯಾನೋ ಬಾರಿಸುವುದು. ಎಲ್ವಿಸ್ ಆ ಹೊತ್ತಿಗೆ ಇಡೀ ದೇಶಕ್ಕೆ ಗೊತ್ತಿದ್ದ ಹೆಸರು. ಹಳೇ ಜಾಗ, ಹಳೇ ಜನ, ಸುಮ್ನೆ ನೋಡಿ ಹೋಗೋಣ ಅಂತ ಒಳಗೆ ಬಂದ. ಕ್ಯಾಶ್ ಕೂಡ ಬಂದ. ಎಲ್ವಿಸ್ ಪಿಯಾನೋ ಮುಂದೆ ಕೂತ. ಹಾಡು ಶುರುವಾಯಿತು.

ಒಳಗಿನ ಕೋಣೆಯಲ್ಲಿದ್ದ ಎಂಜಿನಿಯರ್ ಜಾಕ್ ಕ್ಲೆಮೆಂಟ್ ಟೇಪ್ ರೆಕಾರ್ಡರ್ ಚಾಲೂ ಮಾಡಿದ. ಸ್ಟುಡಿಯೋ ಮಾಲೀಕ ಸ್ಯಾಮ್ ಫಿಲಿಪ್ಸ್ ಇನ್ನೊಂದು ಕೆಲಸ ಮಾಡಿದ. ಊರಿನ ಪತ್ರಿಕೆ ಮೆಂಫಿಸ್ ಪ್ರೆಸ್ ಸಿಮಿಟರ್‌ಗೆ ಫೋನ್ ಹಚ್ಚಿದ. ಬಾಬ್ ಜಾನ್ಸನ್ ಎಂಬ ಪತ್ರಕರ್ತ ಫೋಟೋಗ್ರಾಫರನ್ನು ಕರೆದುಕೊಂಡು ಬಂದ. ಮಾರನೇ ದಿನದ ಸುದ್ದಿಯಲ್ಲಿ ಈ ನಾಲ್ವರಿಗೆ 'ಮಿಲಿಯನ್ ಡಾಲರ್ ಕ್ವಾರ್ಟೆಟ್' ಎಂಬ ಹೆಸರು ಬಿತ್ತು. ಹತ್ತು ಲಕ್ಷ ಡಾಲರ್ ಬೆಲೆಯ ನಾಲ್ವರು ಹಾಡುಗಾರರು ಅಂತ. ಹಾಡುತ್ತಿದ್ದ ಹುಡುಗರಿಗೆ ಅದು ಕಾಲ ಕಳೆಯುವ ಮಧ್ಯಾಹ್ನ. ಸ್ಯಾಮ್‌ಗೆ ಅದು ಪ್ರಚಾರ. ಎರಡೂ ನಿಜವೇ.

ಈ ಒಂದು ಮಧ್ಯಾಹ್ನವನ್ನು ಇಟ್ಟುಕೊಂಡು ಒಂದು ಸಂಗೀತ ನಾಟಕ ಬಂತು. ಅದರ ಹೆಸರೂ 'ಮಿಲಿಯನ್ ಡಾಲರ್ ಕ್ವಾರ್ಟೆಟ್'. ಬರೆದವರು ಕಾಲಿನ್ ಎಸ್ಕಾಟ್ ಮತ್ತು ಫ್ಲಾಯ್ಡ್ ಮಟ್ರಕ್ಸ್. 2006ರಲ್ಲಿ ಫ್ಲಾರಿಡಾದ ಡೇಟೋನಾ ಬೀಚ್‌ನಲ್ಲಿ ಮೊದಲು ಆಡಿದರು. 2008ರಲ್ಲಿ ಷಿಕಾಗೋಗೆ ಬಂತು. ಅಲ್ಲಿ ಅಪೋಲೋ ಥಿಯೇಟರ್‌ನಲ್ಲಿ 2016ರವರೆಗೆ ಬೀಡುಬಿಟ್ಟಿತು. 2010ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬೀದಿ ಬ್ರಾಡ್‌ವೇ ಸೇರಿತು. ಮಾರನೇ ವರ್ಷ ಲಂಡನ್‌ನಲ್ಲೂ ಆಯಿತು.

ನಾನು ನೋಡಿದ್ದು ಷಿಕಾಗೋದಲ್ಲಿ. ತಂಗಿಯ ಮಗ ಅಲ್ಲಿ ಕೆಲಸದಲ್ಲಿದ್ದ. ಹಲ್ಲು ಕಡಿಯುವ ಚಳಿ. ಮನೆಯಲ್ಲೇ ಬೆಚ್ಚಗೆ ಕೂತಿರೋಣ ಮಾರಾಯ ಅಂದರೆ ಕೇಳಲಿಲ್ಲ. 'ಮಾವ, ನಿಮಗೆ ಕಂಪನಿ ನಾಟಕದ ಹುಚ್ಚು ಇದೆಯಲ್ಲ, ಇದೂ ಅದೇ ಥರ, ಬನ್ನಿ' ಅಂದ. ಹುಡುಗ ಸುಮ್ಮನೆ ಆಡಿದ ಮಾತು ಅಂದುಕೊಂಡೆ. ಒಳಗೆ ಕೂತ ಹತ್ತು ನಿಮಿಷಕ್ಕೆ ಅವನ ಮಾತು ಸರಿ ಅನ್ನಿಸಿತು. ವೇದಿಕೆ ಮೇಲಿನ ಹಾಡು, ವಾದ್ಯ ಎಲ್ಲ ಅಲ್ಲೇ ಆಗುತ್ತಿತ್ತು. ಎಲ್ಲೋ ಮರೆಯಲ್ಲಿ ಕೂತ ವಾದ್ಯಗಾರರಿಲ್ಲ. ಎಲ್ವಿಸ್ ಪಾತ್ರದವನು ಗಿಟಾರ್ ಹಿಡಿದೇ ಹಾಡುತ್ತಾನೆ. ಪರ್ಕಿನ್ಸ್ ಪಾತ್ರದವನು ಆ ಕಷ್ಟದ ಗಿಟಾರ್ ತುಣುಕುಗಳನ್ನೆಲ್ಲ ತಾನೇ ನುಡಿಸಬೇಕು. ಜೆರ್ರಿ ಲೀ ಪಾತ್ರದವನಂತೂ ಪಿಯಾನೋವನ್ನು ಗುದ್ದಬೇಕು, ಒದೆಯಬೇಕು, ಬೆನ್ನು ತಿರುಗಿಸಿ ಬಾರಿಸಬೇಕು, ಮಧ್ಯದಲ್ಲಿ ಮಾತೂ ಆಡಬೇಕು. ಬ್ರಾಡ್‌ವೇಯಲ್ಲಿ ಆ ಪಾತ್ರ ಮಾಡಿದ ಲೀವೈ ಕ್ರೈಸ್‌ಗೆ ಅಲ್ಲಿನ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ 2010ರಲ್ಲಿ ಬಂತು. ಬರಬೇಕಾದ್ದೇ. ನಮ್ಮ ಕಂಪನಿ ನಾಟಕಗಳಲ್ಲಿ ಹಾಡಲು ಬಾರದವನಿಗೆ ದೊಡ್ಡ ಪಾರ್ಟು ಸಿಗುತ್ತಿರಲಿಲ್ಲ. ಅಲ್ಲಾದರೂ ಲೆಗ್ ಹಾರ್ಮೋನಿಯಂ ತುಳಿಯಲು ಒಬ್ಬ ಮಾಸ್ತರು ಬೇರೆ ಇರುತ್ತಿದ್ದರು. ಇಲ್ಲಿ ಮಾಸ್ತರೂ ಅವನೇ, ನಟನೂ ಅವನೇ.

ಹಳೇ ಹಿಟ್ ಹಾಡುಗಳನ್ನು ಪೋಣಿಸಿ ಕಥೆ ಕಟ್ಟುವ ಇಂಥ ನಾಟಕಗಳಿಗೆ ಅಲ್ಲಿನವರು ಜೂಕ್‌ಬಾಕ್ಸ್ ಮ್ಯೂಸಿಕಲ್ ಅನ್ನುತ್ತಾರೆ. ಹೆಸರಲ್ಲೇ ಸ್ವಲ್ಪ ತಾತ್ಸಾರ ಇದೆ. ಜೂಕ್‌ಬಾಕ್ಸ್ ಅಂದರೆ ಕಾಸು ಹಾಕಿದರೆ ಹಾಡುವ ಪೆಟ್ಟಿಗೆ. ಕಾಸು ಹಾಕು, ಹಾಡು ಕೇಳು ಅನ್ನೋ ಹಾಗೆ. 22ನೇ ವಯಸ್ಸಿಗೇ ವಿಮಾನ ಅಪಘಾತದಲ್ಲಿ ಹೋದ ರಾಕ್ ಅಂಡ್ ರೋಲ್ ಹಾಡುಗಾರ ಬಡ್ಡಿ ಹಾಲಿ ಬಗ್ಗೆ 1989ರಲ್ಲಿ ಲಂಡನ್‌ನಲ್ಲಿ ಬಂದ ನಾಟಕವೂ ಇದೇ ಜಾತಿಯದು. ಅದು ವರ್ಷಗಟ್ಟಲೆ ಓಡಿತು. ಆದರೆ ಅಲ್ಲೊಂದು ಬದುಕು ಇದೆ, ಕೊನೆಗೊಂದು ಸಾವು ಇದೆ. ಕಥೆ ತಾನಾಗಿ ನಿಲ್ಲುತ್ತದೆ. ಇಲ್ಲಿ ಏನಿದೆ? ನಾಲ್ವರು ಬಂದರು, ಹಾಡಿದರು, ಹೋದರು. ಜಗಳವಿಲ್ಲ, ಪ್ರೇಮವಿಲ್ಲ, ಸಾವಿಲ್ಲ. ನಮ್ಮಲ್ಲಿ ಯಾರಾದರೂ ಇದನ್ನು ತಂದು ನಾಟಕ ಬರೀತೀನಿ ಅಂದರೆ, 'ಇದರಲ್ಲಿ ನಾಟಕ ಎಲ್ಲಿದೆಯಪ್ಪಾ' ಅಂತ ನಾನೇ ಕೇಳುತ್ತಿದ್ದೆ.

ಅದಕ್ಕೇ ಬರೆದವರು ಒಂದು ಉಪಾಯ ಮಾಡಿದರು. ಕಥೆಯ ನಡುಗಂಬ ಮಾಡಿದ್ದು ನಾಲ್ವರನ್ನಲ್ಲ, ಐದನೆಯವನನ್ನು. ಸ್ಯಾಮ್ ಫಿಲಿಪ್ಸ್. ಅವನೇ ಸೂತ್ರಧಾರ. ಅವನೇ ನಮ್ಮ ಕಡೆ ತಿರುಗಿ ಒಬ್ಬೊಬ್ಬರೂ ತನ್ನ ಬಾಗಿಲಿಗೆ ಹೇಗೆ ಬಂದರು ಅಂತ ಹೇಳುತ್ತಾನೆ. ನಾಟಕದಲ್ಲಿ ಅವನು ಕ್ಯಾಶ್ ಜೊತೆ ಇನ್ನೂ ಮೂರು ವರ್ಷದ ಕರಾರು ಮಾಡಿಕೊಳ್ಳುವ ಖುಷಿಯಲ್ಲಿದ್ದಾನೆ. ಕ್ಯಾಶ್ ಆಗಲೇ ಗುಟ್ಟಾಗಿ ಕೊಲಂಬಿಯಾ ಎಂಬ ಇನ್ನೊಂದು ರೆಕಾರ್ಡ್ ಕಂಪನಿಗೆ ಸಹಿ ಹಾಕಿ ಬಂದಿದ್ದಾನೆ. ಹೇಳೋದು ಹೇಗೆ? ಹಾಡಿನ ಮೇಲೆ ಹಾಡು ಬರುತ್ತದೆ. ಆ ಮಾತು ಮಾತ್ರ ಗಂಟಲಲ್ಲೇ ಉಳಿಯುತ್ತದೆ.

ನಿಜ ಏನಪ್ಪಾ ಅಂದರೆ, ಕ್ಯಾಶ್ ಕೊಲಂಬಿಯಾಗೆ ಹೋದದ್ದು 1958ರಲ್ಲಿ. 1956ರ ಆ ಮಂಗಳವಾರ ಅಂಥ ಕರಾರಿನ ಮಾತೇ ಇರಲಿಲ್ಲ. ಮುಂದಿನ ಎರಡು ವರ್ಷವನ್ನು ಹಿಂದಕ್ಕೆಳೆದು ಆ ಒಂದು ಮಧ್ಯಾಹ್ನಕ್ಕೆ ತುರುಕಿದ್ದಾರೆ. ಜೆರ್ರಿ ಲೀ 1957ರಲ್ಲಿ ರೆಕಾರ್ಡ್ ಮಾಡಿದ ಹಾಡುಗಳನ್ನೂ ಒಂದು ವರ್ಷ ಮುಂಚೆಯೇ ಹಾಡಿಸಿದ್ದಾರೆ. ಇಷ್ಟಕ್ಕೆ ನನಗೆ ತಕರಾರಿಲ್ಲ. ನಾಟಕ ಅಂದ ಮೇಲೆ ಗಡಿಯಾರದ ಮುಳ್ಳನ್ನು ಸ್ವಲ್ಪ ತಿರುಗಿಸಲೇಬೇಕು. ಪುರಾಣದ ನಾಟಕ ಆಡುವ ನಾವು ಇನ್ನೊಬ್ಬರಿಗೆ ಬುದ್ಧಿ ಹೇಳೋಕಾಗತ್ತಾ? ನನ್ನ ತಕರಾರು ಬೇರೆ. ಅದನ್ನು ಹೇಳಬೇಕಾದರೆ ಸ್ಯಾಮ್ ಎಂಥವನು ಅಂತ ಮೊದಲು ಹೇಳಬೇಕು.

ಸ್ಯಾಮ್ ಅಲಬಾಮಾದವನು. 1950ರ ಜನವರಿಯಲ್ಲಿ ಮೆಂಫಿಸ್‌ನಲ್ಲಿ ಈ ಸ್ಟುಡಿಯೋ ತೆರೆದ. ಯಾರು ಬೇಕಾದರೂ ಬರಲಿ, ಏನು ಬೇಕಾದರೂ ರೆಕಾರ್ಡ್ ಮಾಡಿಕೊಡ್ತೀನಿ ಅನ್ನೋದು ಅವನ ಬೋರ್ಡಿನ ಮಾತು. ಮದುವೆ ಆರತಕ್ಷತೆಗೂ ಹೋಗುತ್ತಿದ್ದ. ಆದರೆ ಅವನ ಮನಸ್ಸು ಇದ್ದದ್ದು ಆ ಊರಿನ ಕಪ್ಪು ಜನರ ಬ್ಲೂಸ್ ಹಾಡಿನಲ್ಲಿ. ಬಿ.ಬಿ. ಕಿಂಗ್, ಹೌಲಿಂಗ್ ವುಲ್ಫ್ ಇಬ್ಬರೂ ತಮ್ಮ ಶುರುವಿನ ದಿನಗಳಲ್ಲಿ ಆ ಕೋಣೆಯಲ್ಲಿ ಹಾಡಿದವರು.

1951ರ ಮಾರ್ಚ್‌ನಲ್ಲಿ ಐಕ್ ಟರ್ನರ್‌ನ ತಂಡ ಅಲ್ಲಿಗೆ ಬಂತು. ಜಾಕಿ ಬ್ರೆನ್‌ಸ್ಟನ್ ಹಾಡುವವನು. ದಾರಿಯಲ್ಲಿ ಗಿಟಾರ್ ಆಂಪ್ಲಿಫಯರ್ ಪೆಟ್ಟು ತಿಂದಿತ್ತು. ಒಳಗಿನ ಸ್ಪೀಕರ್ ಹಾಳಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ರಿಪೇರಿ ಮಾಡಿಸಿಕೊಂಡು ನಾಳೆ ಬನ್ನಿ ಅನ್ನುತ್ತಿದ್ದರು. ಸ್ಯಾಮ್ ಹರಿದ ಸ್ಪೀಕರಿಗೆ ಕಾಗದ ತುರುಕಿದ. ಗಿಟಾರ್ ಶಬ್ದ ಕರಕರ ಅಂತ ಒಡೆದು ಬಂತು. ಅದನ್ನೇ ರೆಕಾರ್ಡ್ ಮಾಡಿದ. ರಾಕ್ ಅಂಡ್ ರೋಲ್‌ನ ಮೊದಲ ಹಾಡು ಅಂತ ಇವತ್ತಿಗೂ ಎಷ್ಟೋ ಜನ ತೋರಿಸುವುದು ಅದನ್ನೇ. ಮೊದಲನೆಯದು ಯಾವುದು ಅನ್ನೋ ಜಗಳ ಬಿಡಿ, ಅದು ಮುಗಿಯಲ್ಲ. ನಾನು ಹೇಳೋದು ಆ ಕಾಗದದ ವಿಷಯ. ಸ್ಯಾಮ್‌ಗೆ ತಪ್ಪನ್ನು ಕೇಳುವ ಕಿವಿ ಇತ್ತು. ಕೇಳಿ, ಅದನ್ನು ಉಳಿಸಿಕೊಳ್ಳುವ ಧೈರ್ಯವೂ ಇತ್ತು.

ಎಲ್ವಿಸ್ ಕಥೆಯೂ ಹಾಗೆಯೇ. 1953ರಲ್ಲಿ ಸುಮಾರು ನಾಲ್ಕು ಡಾಲರ್ ಕೊಟ್ಟು ತನ್ನ ದನಿಯನ್ನು ಒಂದು ಗ್ರಾಮಫೋನ್ ತಟ್ಟೆಗೆ ಹಾಕಿಸಿಕೊಳ್ಳಲು ಬಂದ ಹುಡುಗ ಅವನು. ಆಫೀಸಿನಲ್ಲಿದ್ದ ಮ್ಯಾರಿಯನ್ ಕೈಸ್ಕರ್ ನಿನ್ನ ದನಿ ಯಾರ ಥರ ಇದೆ ಅಂತ ಕೇಳಿದಾಗ, ಯಾರ ಥರವೂ ಇಲ್ಲ ಅಂದನಂತೆ. 1954ರ ಜುಲೈ 5ರಂದು ಸ್ಯಾಮ್ ಅವನನ್ನು ಗಿಟಾರಿನ ಸ್ಕಾಟಿ ಮೂರ್, ಬಾಸ್‌ ವಾದ್ಯದ ಬಿಲ್ ಬ್ಲಾಕ್ ಜೊತೆ ಕೂರಿಸಿದ. ಡ್ರಮ್ ಇಲ್ಲ. ಒಂದಾದ ಮೇಲೊಂದು ನಿಧಾನದ ಹಾಡು. ಯಾವುದೂ ಕೂಡಿಬರಲಿಲ್ಲ. ಬಿಡುವಿನಲ್ಲಿ ಎಲ್ವಿಸ್ ತಮಾಷೆಗೆ ಆರ್ಥರ್ ಕ್ರೂಡಪ್‌ನ ಹಳೇ ಬ್ಲೂಸ್ ಹಾಡೊಂದನ್ನು ಎತ್ತಿಕೊಂಡು ಕುಣಿಯತೊಡಗಿದ. ಉಳಿದಿಬ್ಬರೂ ಜೊತೆಗೂಡಿದರು. ಸ್ಯಾಮ್ ಬಾಗಿಲಿಂದ ತಲೆ ಹಾಕಿ ಏನ್ರೋ ಮಾಡ್ತಿದ್ದೀರಿ ಅಂತ ಕೇಳಿದ. ಗೊತ್ತಿಲ್ಲ ಅಂದರು. ಹಾಗಾದರೆ ಮೊದಲಿಂದ ಶುರುಮಾಡಿ ಅಂದ. ಎಲ್ವಿಸ್‌ನ ಮೊದಲ ರೆಕಾರ್ಡು ಅದು.

1955ರ ನವೆಂಬರ್‌ನಲ್ಲಿ ಅವನ ಕರಾರನ್ನು ಸ್ಯಾಮ್ ಆರ್‌ಸಿಎ ಎಂಬ ದೊಡ್ಡ ರೆಕಾರ್ಡ್ ಕಂಪನಿಗೆ 35,000 ಡಾಲರ್‌ಗೆ ಮಾರಿದ. ಎಂಥ ದಡ್ಡ ಅಂತ ಈಗ ನಗಬಹುದು. ಆಗ ಅವನ ಕೈ ಪೂರ್ತಿ ಬರಿದು. ಆ ದುಡ್ಡು ಬಂದದ್ದರಿಂದಲೇ ಅಂಗಡಿ ಉಳಿಯಿತು. ತಿಂಗಳೊಳಗೆ ಪರ್ಕಿನ್ಸ್ 'ಬ್ಲೂ ಸ್ವೇಡ್ ಶೂಸ್' ಹಾಡಿದ. ಸ್ಯಾಮ್‌ನ ಸನ್ ಕಂಪನಿಗೆ ಹತ್ತು ಲಕ್ಷ ಪ್ರತಿ ಮಾರಾಟದ ಹಾಡು ಸಿಕ್ಕಿತು. ಆ ಹಾಡನ್ನು ದೇಶದ ಟಿವಿಯಲ್ಲಿ ಹಾಡಲು 1956ರ ಮಾರ್ಚ್‌ನಲ್ಲಿ ನ್ಯೂಯಾರ್ಕಿಗೆ ಹೊರಟ ಪರ್ಕಿನ್ಸ್‌ನ ಕಾರು ಅಪಘಾತವಾಯಿತು. ಅವನು ಆಸ್ಪತ್ರೆ ಸೇರಿದ. ಕೆಲವೇ ದಿನಕ್ಕೆ ಅದೇ ಹಾಡನ್ನು ಎಲ್ವಿಸ್ ಟಿವಿಯಲ್ಲಿ ಹಾಡಿದ. ಜನ ಇವತ್ತಿಗೂ ಅದನ್ನು ಎಲ್ವಿಸ್ ಹಾಡು ಅಂತಲೇ ಹೇಳುವುದು. ನಾಟಕದಲ್ಲಿ ಪರ್ಕಿನ್ಸ್‌ನ ಈ ಹೊಟ್ಟೆಯುರಿ ಚೆನ್ನಾಗಿ ಬಂದಿದೆ. ಇದನ್ನು ಕಟ್ಟಬೇಕಾಗಿಯೇ ಇರಲಿಲ್ಲ, ಸಿದ್ಧವಾಗಿ ಸಿಕ್ಕ ಸರಕು.

ಈಗ ಟೇಪಿನ ವಿಷಯ. ಅವತ್ತು ಕ್ಲೆಮೆಂಟ್ ಓಡಿಸಿದ ಟೇಪು ಸುಮಾರು 25 ವರ್ಷ ಹೊರಗೆ ಬರಲೇ ಇಲ್ಲ. 1969ರಲ್ಲಿ ಸನ್ ಕಂಪನಿಯನ್ನು ಶೆಲ್ಬಿ ಸಿಂಗಲ್ಟನ್ ಕೊಂಡ. ಹಳೇ ಟೇಪುಗಳ ರಾಶಿಯಲ್ಲಿ ಇದೂ ಇತ್ತು. 1981ರಲ್ಲಿ ಒಂದಷ್ಟು ಭಾಗ ಹೊರಬಂತು, ಆಮೇಲೆ ಉಳಿದದ್ದು. ಒಟ್ಟು ಒಂದು ಗಂಟೆಗೂ ಮಿಗಿಲು. ನಾಟಕ ನೋಡಿ ಬಂದು, ಅದೇ ಹುಮ್ಮಸ್ಸಿನಲ್ಲಿ ಟೇಪು ಹಾಕಿಕೊಂಡು ಕೂತೆ. ಮೊದಲ ಸಲ ನನಗೆ ನಿರಾಸೆಯಾಯಿತು, ಮುಚ್ಚಿಡೋದೇನು. ಹಿಟ್ ಹಾಡುಗಳೇ ಇಲ್ಲ ಅನ್ನಬೇಕು. ಅರ್ಧ ಸಾಲು ಹಾಡುತ್ತಾರೆ, ಮರೆಯುತ್ತಾರೆ, ನಗುತ್ತಾರೆ, ಇನ್ನೊಂದು ಎತ್ತಿಕೊಳ್ಳುತ್ತಾರೆ. ಹೆಚ್ಚಿನವು ಚರ್ಚಿನ ಹಾಡುಗಳು. ಜೊತೆಗೆ ಹಳ್ಳಿ ಕಡೆಯ ಕಂಟ್ರಿ ಹಾಡುಗಳು.

ಎರಡನೇ ಸಲ ಕೇಳಿದಾಗ ಇದು ಭಜನೆ ಅಲ್ವಾ ಅನ್ನಿಸಿತು. ಶನಿವಾರ ರಾತ್ರಿ ದೇವಸ್ಥಾನದ ಜಗಲಿಯಲ್ಲಿ ಒಬ್ಬ ಪಲ್ಲವಿ ಎತ್ತಿದರೆ ಉಳಿದವರು ಯೋಚನೆಯೇ ಇಲ್ಲದೆ ಸೇರಿಕೊಳ್ಳುವ ಹಾಗೆ. ಇವರೆಲ್ಲ ಹತ್ತಿ ಹೊಲದ, ಬಡ ಮನೆಗಳ ಮಕ್ಕಳು. ಪರ್ಕಿನ್ಸ್‌ನ ಅಪ್ಪ ಗೇಣಿಗೆ ಹೊಲ ಮಾಡುತ್ತಿದ್ದವನು. ಸಿಗಾರ್ ಡಬ್ಬಿಗೆ ಕಸಪೊರಕೆಯ ಕೋಲು ಸಿಕ್ಕಿಸಿ ಮಗನಿಗೆ ಮೊದಲ ಗಿಟಾರ್ ಮಾಡಿಕೊಟ್ಟಿದ್ದ. ಅದನ್ನು ನುಡಿಸಲು ಕಲಿಸಿದ್ದು ಅದೇ ಹೊಲದಲ್ಲಿ ದುಡಿಯುತ್ತಿದ್ದ ಒಬ್ಬ ಕಪ್ಪು ಮುದುಕ. ನಾಲ್ವರೂ ಭಾನುವಾರ ಬೇರೆ ಬೇರೆ ಊರಿನ ಚರ್ಚುಗಳಲ್ಲಿ ಅವೇ ಹಾಡುಗಳನ್ನು ಹಾಡಿ ಬೆಳೆದವರು. ಹಾಗಾಗಿ ಯಾರೂ ಯಾರಿಗೂ ಏನೂ ಹೇಳಿಕೊಡಬೇಕಾಗಲಿಲ್ಲ.

ಇನ್ನೊಂದು ಸಂಗತಿ ಅವರಿಗೆ ಸಮಾನ. ಎಲ್ವಿಸ್‌ನ ಅವಳಿ ಅಣ್ಣ ಹುಟ್ಟುವಾಗಲೇ ತೀರಿಕೊಂಡಿದ್ದ. ಜೆರ್ರಿ ಲೀ ಚಿಕ್ಕವನಿದ್ದಾಗ ಅವನ ಅಣ್ಣನ ಮೇಲೆ ಕುಡುಕನೊಬ್ಬ ವಾಹನ ಹಾಯಿಸಿದ. ಕ್ಯಾಶ್‌ನ ಅಣ್ಣ 1944ರಲ್ಲಿ ಮರ ಕೊಯ್ಯುವ ಗರಗಸಕ್ಕೆ ಸಿಕ್ಕು ಸತ್ತ. ಪರ್ಕಿನ್ಸ್‌ನ ಅಣ್ಣ ಜೇ ಅದೇ ಕಾರು ಅಪಘಾತದಲ್ಲಿ ಜೋರು ಪೆಟ್ಟು ತಿಂದಿದ್ದ, 1958ರಲ್ಲಿ ಹೋದ. ಸತ್ತ ಮೇಲಿನ ಲೋಕದ ಬಗ್ಗೆ ಇವರು ಹಾಡುವಾಗ ನನಗೆ ಇದು ನೆನಪಾಗದೆ ಇರುವುದಿಲ್ಲ. ಹಾಡುವಾಗ ಅವರಿಗೆ ನೆನಪಾಗಿತ್ತೋ ಇಲ್ಲವೋ, ಅದನ್ನು ನಾನು ಹೇಳಲಾರೆ.

ಆ ಟೇಪಿನಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಹಾಡಲ್ಲ, ಒಂದು ಮಾತು. ಎಲ್ವಿಸ್ ಲಾಸ್ ವೇಗಾಸ್‌ನಲ್ಲಿ ಕಂಡದ್ದನ್ನು ಹೇಳುತ್ತಾನೆ. ಬಿಲ್ಲಿ ವಾರ್ಡ್‌ನ ಡಾಮಿನೋಸ್ ಎಂಬ ಕಪ್ಪು ಗಾಯಕರ ತಂಡ. ಅದರಲ್ಲಿ ಒಬ್ಬ ಹುಡುಗ ಎಲ್ವಿಸ್‌ನದೇ ಹಾಡನ್ನು, ಆ ವರ್ಷ ದೇಶವೆಲ್ಲ ಕೇಳುತ್ತಿದ್ದ 'ಡೋಂಟ್ ಬಿ ಕ್ರೂಯೆಲ್' ಅನ್ನು, ಎತ್ತಿಕೊಂಡ. ನನ್ನ ರೆಕಾರ್ಡಿಗಿಂತ ಎಷ್ಟೋ ಚೆನ್ನಾಗಿ ಹಾಡಿದ ಅಂತ ಎಲ್ವಿಸ್ ಹೇಳುತ್ತಾನೆ. ಸಾಲಾಗಿ ನಾಲ್ಕು ರಾತ್ರಿ ಹೋಗಿ ನೋಡಿದನಂತೆ. ಆಮೇಲೆ ಸ್ಟುಡಿಯೋದಲ್ಲೇ ಆ ಹುಡುಗನ ಶೈಲಿಯನ್ನು ಹಾಡಿ ತೋರಿಸುತ್ತಾನೆ. ಟೆಲಿಫೋನ್ ಅನ್ನೋ ಪದವನ್ನು ಅವನು ಹೇಗೆ ಎಳೆಯುತ್ತಿದ್ದ ಅನ್ನೋದನ್ನೂ ಅಣಕಿಸುತ್ತಾನೆ. ದೇಶದ ಅತಿ ದೊಡ್ಡ ತಾರೆ, ತನ್ನದೇ ಹಾಡನ್ನು ತನಗಿಂತ ಚೆನ್ನಾಗಿ ಹಾಡಿದವನನ್ನು ಅನುಕರಿಸುತ್ತಾ ಕೂತಿದ್ದಾನೆ. ಆ ಹುಡುಗನ ಹೆಸರೂ ಅವನಿಗೆ ಗೊತ್ತಿಲ್ಲ. ಅವನು ಜಾಕಿ ವಿಲ್ಸನ್. ಮುಂದೆ ತಾನೇ ದೊಡ್ಡ ಹೆಸರಾದವನು.

ನನ್ನ ತಕರಾರು ಇರುವುದು ಇಲ್ಲಿ. ನಾಟಕದಲ್ಲಿ ಮುಗ್ಗರಿಸುವ ಹಾಡೇ ಇಲ್ಲ. ಪ್ರತಿ ಹಾಡೂ ಪೂರ್ತಿ, ಪ್ರತಿ ಹಾಡಿಗೂ ಚಪ್ಪಾಳೆ ಗ್ಯಾರಂಟಿ. ಒಡೆದ ಸ್ಪೀಕರನ್ನೇ ಹಾಡು ಮಾಡಿದ ಮನುಷ್ಯನ ಕಥೆಯನ್ನು ಒಂದು ಗೀರೂ ಇಲ್ಲದ ಹಾಗೆ ಉಜ್ಜಿ ತೊಳೆದು ಇಟ್ಟಿದ್ದಾರೆ. ಕೊನೆಯಲ್ಲಂತೂ ಕಥೆ ಮುಗಿದ ಮೇಲೆ ಎಲ್ಲರೂ ಮಿರಮಿರ ಮಿನುಗುವ ಕೋಟು ತೊಟ್ಟು ಬಂದು ಹಿಟ್ ಹಾಡುಗಳ ಕಛೇರಿ ಮಾಡುತ್ತಾರೆ. ಸಭೆ ಎದ್ದು ಕುಣಿಯುತ್ತದೆ. ನಾನೂ ಎದ್ದೆ ಅನ್ನಿ. ತಂಗಿಯ ಮಗ ಅದರ ವಿಡಿಯೋ ಇದೆ ಅಂತ ಹೆದರಿಸುತ್ತಿರುತ್ತಾನೆ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಎಂಟು ಪಾತ್ರ. ಎಲ್ವಿಸ್‌ನ ಗೆಳತಿಗೆ ಬೇರೆ ಹೆಸರಿಟ್ಟು, ಅವಳನ್ನು ಹಾಡುಗಾರ್ತಿ ಮಾಡಿ ವೇದಿಕೆಗೆ ತಂದಿದ್ದಾರೆ. ಫೋಟೋದಿಂದ ಕತ್ತರಿಸಿದವಳಿಗೆ ಜಾಗ ಸಿಕ್ಕಿತಲ್ಲ, ಸಂತೋಷ. ಆದರೆ ಆ ಎಂಟರಲ್ಲಿ ಕಪ್ಪು ಜನಾಂಗದವರು ಒಬ್ಬರೂ ಇಲ್ಲ. ಆ ಮಧ್ಯಾಹ್ನ ಆ ಕೋಣೆಯಲ್ಲಿ ಇದ್ದವರನ್ನಷ್ಟೇ ತೋರಿಸಿದ್ದೇವೆ ಅಂತ ಅವರು ಹೇಳಬಹುದು. ಆದರೆ ದನಿಗಳು ಇದ್ದವಲ್ಲ. ಟೇಪಿನಲ್ಲಿ ಕಪ್ಪು ಗಾಯಕ ಚಕ್ ಬೆರ್ರಿಯ ಹಾಡೊಂದನ್ನು ಮತ್ತೆ ಮತ್ತೆ ಎತ್ತಿಕೊಳ್ಳುತ್ತಾರೆ. ಅವತ್ತು ಪರ್ಕಿನ್ಸ್ ರೆಕಾರ್ಡ್ ಮಾಡಿದ ಹಾಡಿನ ಬೇರು 1927ರಲ್ಲಿ ಕಪ್ಪು ಬ್ಲೂಸ್ ಗಾಯಕ ಬ್ಲೈಂಡ್ ಲೆಮನ್ ಜೆಫರ್ಸನ್ ಹಾಡಿದ್ದರಲ್ಲಿದೆ. ಸನ್ ಕಂಪನಿಗೆ 1953ರಲ್ಲಿ ಮೊದಲ ಹಿಟ್ ಕೊಟ್ಟವನು ರೂಫಸ್ ಥಾಮಸ್, ಕಪ್ಪು ಗಾಯಕ. ಎಲ್ವಿಸ್ ಬಂದ ಮೇಲೆ ಸ್ಯಾಮ್ ನಮ್ಮನ್ನು ಕೈಬಿಟ್ಟ ಅನ್ನೋ ನೋವು ಅವನಿಗೆ ಕೊನೆವರೆಗೂ ಇತ್ತು. ಅದೇ 1956ರ ಡಿಸೆಂಬರ್‌ನಲ್ಲಿ ಪಕ್ಕದ ಅಲಬಾಮಾದ ಮಾಂಟ್ಗಮರಿಯಲ್ಲಿ ಬಸ್ಸಿನಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವ ಪದ್ಧತಿಯ ವಿರುದ್ಧ ಅವರು ನಡೆಸಿದ, ವರ್ಷ ಮೀರಿದ ಬಸ್ ಬಹಿಷ್ಕಾರ ಗೆಲುವಿನಲ್ಲಿ ಮುಗಿಯಿತು. ಮಾರುವಾಗ ಹಾಡು ಒಬ್ಬರದು, ಮುಖ ಇನ್ನೊಬ್ಬರದು ಅನ್ನೋ ಕಾಲ ಅದು. ಸ್ಯಾಮ್‌ನನ್ನು ಸೂತ್ರಧಾರ ಮಾಡಿದವರು ಅವನ ಬಾಯಲ್ಲಿ ಈ ಮಾತಿಗೆ ಇನ್ನೂ ಸ್ವಲ್ಪ ಜಾಗ ಕೊಡಬಹುದಿತ್ತು.

ಹಾಗಂತ ನಾಟಕವನ್ನು ತಳ್ಳಿಹಾಕಲಾರೆ. ಒಂದು ಗಳಿಗೆ ಇದೆ. ಎಲ್ಲರೂ ಪಿಯಾನೋ ಸುತ್ತ ಸೇರುತ್ತಾರೆ. ಕ್ಯಾಮೆರಾ ಮಿಂಚುತ್ತದೆ. ಆ ಕ್ಷಣಕ್ಕೆ ಮೇಲೆ ನಿಜವಾದ ಫೋಟೋ ಮೂಡುತ್ತದೆ. ಕೆಳಗೆ ನಟರು ಅದೇ ಭಂಗಿಯಲ್ಲಿ ನಿಂತಿದ್ದಾರೆ. ಅಷ್ಟು ಹೊತ್ತು ಕೂಗಾಡುತ್ತಿದ್ದ ಸಭೆ ಒಮ್ಮೆಲೇ ತಣ್ಣಗಾಯಿತು. ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿ ಮೂಗು ಒರೆಸಿಕೊಂಡರು. ಅವರೂ ಆ ಹುಡುಗರ ವಾರಿಗೆಯವರೇ ಇರಬೇಕು.

ಕೊನೆಗೆ ಜಾನಿ ಕ್ಯಾಶ್ ವಿಷಯ. ನಾಟಕದಲ್ಲಿ ಅವನ ಗುಡುಗಿನಂಥ ದನಿ ಬಂದಾಗ ಕೂತ ಕುರ್ಚಿಯೇ ನಡುಗುತ್ತದೆ. ಟೇಪಿನಲ್ಲಿ ಅವನ ದನಿ ಹುಡುಕಿದರೂ ಸಿಗಲ್ಲ. ಹಾಗಾಗಿ, ಫೋಟೋಗೆ ನಿಂತು ಹೊರಟುಹೋದ ಅಂತ ಕೆಲವರು ವಾದಿಸುತ್ತಾರೆ. ಕ್ಯಾಶ್ ತನ್ನ ಆತ್ಮಕಥೆಯಲ್ಲಿ ಇದನ್ನು ಒಪ್ಪಿಲ್ಲ. ಮೊದಲು ಬಂದವನೂ ನಾನೇ, ಕೊನೆಗೆ ಹೋದವನೂ ನಾನೇ ಅನ್ನುತ್ತಾನೆ. ಮೈಕಿನಿಂದ ತುಂಬಾ ದೂರ ನಿಂತಿದ್ದೆ, ಎಲ್ವಿಸ್‌ನ ಶ್ರುತಿಗೆ ಹೊಂದಿಸಲು ನನ್ನ ರೂಢಿಗಿಂತ ಮೇಲಿನ ಸ್ಥಾಯಿಯಲ್ಲಿ ಹಾಡಿದೆ, ಅದಕ್ಕೇ ಗುರುತು ಸಿಗಲ್ಲ ಅಂತ. ನಾಲ್ವರಲ್ಲಿ ಕೊನೆಯವನಾಗಿ ಉಳಿದಿದ್ದ ಜೆರ್ರಿ ಲೀ ಕೂಡ 2022ರ ಅಕ್ಟೋಬರ್‌ನಲ್ಲಿ ಹೋದ. ಈಗ ಕೇಳಲು ಆ ನಾಲ್ವರಲ್ಲಿ ಯಾರೂ ಉಳಿದಿಲ್ಲ.

ನನ್ನ ಲ್ಯಾಪ್‌ಟಾಪಿನಲ್ಲಿ ಆ ಟೇಪಿನ ಮೂರು ನಿಮಿಷ ಇದೆ, ಒಂದು ಚರ್ಚಿನ ಹಾಡು. ಫ್ಯಾನು ಸ್ವಲ್ಪ ಹೊತ್ತು ನಿಲ್ಲಿಸಿ, ಶಬ್ದ ಜಾಸ್ತಿ. ಎಡಗಡೆ ಸ್ಪೀಕರ್ ಗೊರಗೊರ ಅನ್ನುತ್ತಿದೆ ಅಂತ ಆಗಲೇ ಯಾರೋ ಹೇಳಿದರು, ಇರಲಿ ಬಿಡಿ. ಎಲ್ವಿಸ್‌ನ ಹಿಂದೆ, ಪರ್ಕಿನ್ಸ್‌ನ ಹಿಂದೆ, ತುಂಬಾ ದೂರದಲ್ಲಿ ಇನ್ನೊಂದು ದನಿ ಇದೆಯಾ ನೋಡಿ. ಕೇಳಿಸಿದವರು ಕೈ ಎತ್ತಿ.